ಹಝ್ರತ್ ಖಾಲಿದ್ ಬಿನ್ ವಲೀದ್(ರ): ತಪ್ಪಿದವರನ್ನೂ ಬಳಸಿಕೊಂಡ ಅಲ್ಲಾಹ್

ಮಹಾಪುರುಷರ ಚರಿತ್ರೆ ಬರೆಯುವಾಗ ಅವರ ತಪ್ಪುಗಳನ್ನು ಬಿಟ್ಟುಬಿಡುವುದು ನಮ್ಮಲ್ಲಿ ವಾಡಿಕೆ. ಹಝ್ರತ್ ಖಾಲಿದ್ ಬಿನ್ ವಲೀದ್(ರ)ರ ವಿಷಯದಲ್ಲಿ ಹದೀಸ್ ಹಾಗೂ ಚರಿತ್ರೆಯ ವಿದ್ವಾಂಸರು ಹಾಗೆ ಮಾಡಲಿಲ್ಲ.

ಖಾಲಿದ್ ಮಕ್ಕಾದ ಖುರೈಶರಲ್ಲಿ ಬನೂ ಮಖ್ಝೂಮ್ ಮನೆತನದವರು. ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಅವರು ಎದುರು ಪಾಳಯದಲ್ಲಿದ್ದರು. ಮುಸ್ಲಿಮ್ ಬಿಲ್ಲುಗಾರರು ಗುಡ್ಡ ಬಿಟ್ಟಿಳಿದದ್ದನ್ನು ಕಂಡು ಹಿಂದಿನಿಂದ ಅಶ್ವದಳ ನುಗ್ಗಿಸಿದವರು ಅವರೇ. ಅಂದು ಸುಮಾರು 70 ಸಹಾಬಿಗಳು ಹುತಾತ್ಮರಾದರು, ಪ್ರವಾದಿವರ್ಯರೂ(ಸ) ಗಾಯಗೊಂಡರು.

629ರಲ್ಲಿ ಅವರು ಮದೀನಾಕ್ಕೆ ಬಂದು ಇಸ್ಲಾಮ್ ಸ್ವೀಕರಿಸಿದರು. ಹಿಂದೆ ಮಾಡಿದ್ದು ಮನಸ್ಸನ್ನು ಕೊರೆಯುತ್ತಿತ್ತು. ತಮ್ಮ ಕ್ಷಮೆಗಾಗಿ ಪ್ರಾರ್ಥಿಸಬೇಕೆಂದು ಪ್ರವಾದಿವರ್ಯರನ್ನು(ಸ) ಕೇಳಿಕೊಂಡರು. ಕೆಲವೇ ತಿಂಗಳಲ್ಲಿ ಮುಅ್‌ತಾ ರಣರಂಗದಲ್ಲಿ ಮೂವರು ದಂಡನಾಯಕರು ಒಬ್ಬರಾದ ಮೇಲೊಬ್ಬರು ಬಿದ್ದಾಗ ಧ್ವಜ ಹಿಡಿದು ಸೈನ್ಯವನ್ನು ಸುರಕ್ಷಿತವಾಗಿ ಮರಳಿ ತಂದದ್ದು ಇದೇ ಖಾಲಿದ್. 'ಅಲ್ಲಾಹನ ಖಡ್ಗ' ಎಂಬ ಬಿರುದು ಆಗ ಬಂತು.

ಇಲ್ಲಿಗೇ ನಿಲ್ಲಿಸಿದರೆ ಓದಲು ಹಿತ. ಆದರೆ 630ರಲ್ಲಿ, ಮಕ್ಕಾ ವಿಜಯದ ನಂತರ, ಅವರನ್ನು ಬನೂ ಜಝೀಮಾ ಗೋತ್ರದ ಬಳಿಗೆ ಕಳುಹಿಸಲಾಯಿತು. ಆ ಜನರಿಗೆ ತಾವು ಮುಸ್ಲಿಮರಾದೆವೆಂದು ಸರಿಯಾಗಿ ಹೇಳಲು ಬರಲಿಲ್ಲ. ಹಳೆಯ ಧರ್ಮ ಬಿಟ್ಟೆವೆಂಬ ಅರ್ಥದ ಬೇರೆ ಪದ ಬಳಸಿದರು. ಖಾಲಿದ್ ಅದನ್ನು ಒಪ್ಪದೆ ಅವರಲ್ಲಿ ಅನೇಕರನ್ನು ಕೊಲ್ಲಿಸಿದರು. ಅಬ್ದುಲ್ಲಾ ಬಿನ್ ಉಮರ್(ರ) ತಮ್ಮ ವಶದಲ್ಲಿದ್ದ ಕೈದಿಯನ್ನು ಕೊಲ್ಲಲು ನಿರಾಕರಿಸಿದರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಕೈಗಳನ್ನೆತ್ತಿ, ಖಾಲಿದರ ಈ ಕೃತ್ಯದಲ್ಲಿ ತಮಗೆ ಪಾಲಿಲ್ಲವೆಂದು ಅಲ್ಲಾಹನ ಮುಂದೆ ಎರಡು ಬಾರಿ ನಿವೇದಿಸಿಕೊಂಡರು. ಹಝ್ರತ್ ಅಲಿ(ರ)ಯವರು ಹೋಗಿ ಸತ್ತವರಿಗೆಲ್ಲ ಪರಿಹಾರಧನ ಕೊಟ್ಟರು. ನಾಯಿ ನೀರು ಕುಡಿಯುವ ಪಾತ್ರೆಗೂ ಬೆಲೆ ಕಟ್ಟಿ ಕೊಟ್ಟರೆಂದು ಚರಿತ್ರೆಯಲ್ಲಿದೆ.

ತಪ್ಪನ್ನು ಮುಚ್ಚಿಡಲಿಲ್ಲ, ಆದರೆ ಮನುಷ್ಯನನ್ನು ಎಸೆದುಬಿಡಲೂ ಇಲ್ಲ. ಅದೇ ವರ್ಷ ತಬೂಕ್‌ನಿಂದ ದೂಮತುಲ್ ಜಂದಲ್‌ಗೆ ಕಳುಹಿಸಲಾದವರು ಖಾಲಿದರೇ. ಹಝ್ರತ್ ಅಬೂಬಕರ್(ರ)ರ ಕಾಲದಲ್ಲಿ ಮಾಲಿಕ್ ಬಿನ್ ನುವೈರಾರ ಹತ್ಯೆಯ ವಿಷಯದಲ್ಲಿ ಮತ್ತೆ ಆಕ್ಷೇಪ ಎದ್ದಿತು. ಹಝ್ರತ್ ಉಮರ್(ರ) ಅವರನ್ನು ವಜಾ ಮಾಡಬೇಕೆಂದರು, ಖಲೀಫರು ಒಪ್ಪಲಿಲ್ಲ. ಯಮಾಮಾ, ಇರಾಕ್, ಸಿರಿಯಾಗಳ ವಿಜಯಗಳು ಅವರ ಕೈಯಿಂದಲೇ ನಡೆದವು.

ಉಮರ್(ರ) ಖಲೀಫರಾದ ಮೇಲೆ ಅವರನ್ನು ಪ್ರಧಾನ ದಂಡನಾಯಕತ್ವದಿಂದ ಇಳಿಸಿ ಅಬೂ ಉಬೈದಾ(ರ)ರನ್ನು ನೇಮಿಸಿದರು. ನಮ್ಮ ಸಂಘ ಸಂಸ್ಥೆಗಳಲ್ಲಿ ಅಧ್ಯಕ್ಷ ಸ್ಥಾನ ಹೋದವರು ಮುಂದಿನ ಸಭೆಗೂ ಬರುವುದಿಲ್ಲ! ಖಾಲಿದ್ ಅಬೂ ಉಬೈದಾರ ಕೈಕೆಳಗೆ 636ರ ಯರ್ಮೂಕ್‌ನಲ್ಲಿ ಹೋರಾಡಿದರು. ಸುಮಾರು 638ರಲ್ಲಿ, ಒಬ್ಬರಿಗೆ 10,000 ದಿರ್ಹಮ್ ಉಡುಗೊರೆ ಕೊಟ್ಟ ಕಾರಣಕ್ಕೆ ವಿಚಾರಣೆ ನಡೆದು, ಸೇನೆಯಿಂದಲೇ ಅವರನ್ನು ತೆಗೆಯಲಾಯಿತು. ತಾನಿದನ್ನು ಕೋಪದಿಂದಾಗಲಿ ಅವರ ವಂಚನೆಗಾಗಿಯಾಗಲಿ ಮಾಡಿಲ್ಲ, ಜನರು ಖಾಲಿದರ ಮೇಲೆ ಭರವಸೆಯಿಟ್ಟು ಗೆಲ್ಲಿಸುವವನು ಅಲ್ಲಾಹನೆಂಬುದನ್ನು ಮರೆಯಬಾರದು ಎಂದು ಖಲೀಫರು ಪ್ರಾಂತಗಳಿಗೆ ತಿಳಿಸಿದರು.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಮಾತಿದೆ. ರಣರಂಗದ ಬದುಕು ತನ್ನನ್ನು ಹೆಚ್ಚು ಕುರ್‌ಆನ್ ಕಲಿಯದಂತೆ ಮಾಡಿತೆಂದು ಖಾಲಿದ್ ತಾವೇ ಒಪ್ಪಿಕೊಂಡಿದ್ದರೆಂದು ವರದಿಯಿದೆ.

642ರಲ್ಲಿ ಅವರು ಹಾಸಿಗೆಯ ಮೇಲೆ ಮರಣ ಹೊಂದಿದರು. ಹಿಮ್ಸ್‌ನಲ್ಲೆಂದು ಹೆಚ್ಚಿನವರ ಅಭಿಪ್ರಾಯ. ಮೈತುಂಬ ಗಾಯದ ಗುರುತುಗಳಿದ್ದರೂ ರಣದಲ್ಲಿ ಹುತಾತ್ಮರಾಗುವ ಆಸೆ ಈಡೇರಲಿಲ್ಲವೆಂಬ ಕೊರಗು ಅವರಿಗಿತ್ತು. ಅವರು ಬಿಟ್ಟುಹೋದದ್ದು ಒಂದು ಕುದುರೆ, ಒಬ್ಬ ಸೇವಕ ಮತ್ತು ಆಯುಧಗಳು. ಇದನ್ನು ಕೇಳಿದ ಉಮರ್(ರ), ಖಾಲಿದರ ಬಗ್ಗೆ ತಾವು ತಿಳಿದಿದ್ದಕ್ಕಿಂತ ಅವರು ಬೇರೆಯೇ ಆಗಿದ್ದರೆಂದು ಹೇಳಿ ಅವರಿಗಾಗಿ ಪ್ರಾರ್ಥಿಸಿದರು.