ಕಾರಿಗೆ ಬಿಸಿಲು ತಾಳುವ ಬಣ್ಣ ತೊಡಿಸಿದ ಕೆಟರಿಂಗ್

ಗ್ಯಾರೇಜುಗಳಲ್ಲಿ, ಪೀಠೋಪಕರಣದ ಅಂಗಡಿಗಳಲ್ಲಿ ‘ಡ್ಯೂಕೋ ಪೇಂಟ್’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ಒಂದು ಕಾಲದಲ್ಲಿ ಅಮೆರಿಕದ ಒಂದು ಬಣ್ಣದ ವ್ಯಾಪಾರನಾಮವಾಗಿತ್ತು. ಮೋಟಾರು ಕಾರುಗಳ ಹೊರಮೈಯನ್ನು ಬಿಸಿಲು ಮಳೆಗಳಿಂದ ಕಾಯುವ ಪ್ರಯತ್ನದ ಫಲವಾಗಿ ಬಂದ ಆ ಬಣ್ಣದ ಹಿಂದೆ ಇದ್ದವರಲ್ಲಿ ಪ್ರಮುಖರು ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್.

1876ರ ಆಗಸ್ಟ್ 29ರಂದು ಓಹಾಯೋ ರಾಜ್ಯದ ಲೌಡನ್‌ವಿಲ್ ಬಳಿಯ ರೈತ ಕುಟುಂಬವೊಂದರಲ್ಲಿ ಕೆಟರಿಂಗ್ ಜನಿಸಿದರು. ಬಾಲ್ಯದಿಂದಲೂ ಅವರನ್ನು ಕಾಡಿದ್ದು ದುರ್ಬಲ ದೃಷ್ಟಿ. ಹೆಚ್ಚು ಓದಿದರೆ ತಲೆನೋವು ತಾಳಲಾಗುತ್ತಿರಲಿಲ್ಲ. ಕೆಲಕಾಲ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿದರು. ಕಣ್ಣಿನ ತೊಂದರೆಯಿಂದ ಕಾಲೇಜು ಬಿಟ್ಟು, ದೂರವಾಣಿ ಕಂಬ ನೆಡುವ ತಂಡದೊಡನೆ ದುಡಿದರು. ಮತ್ತೆ ಕಾಲೇಜಿಗೆ ಮರಳಿದಾಗ ಸಹಪಾಠಿಗಳು ಪಾಠಗಳನ್ನು ಓದಿ ಹೇಳಿ ನೆರವಾದರು. 1904ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದಾಗ ಅವರಿಗೆ 28ರ ಹತ್ತಿರ ವಯಸ್ಸು.

ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ ಸೇರಿದ ಅವರು, ಹಣದ ಯಂತ್ರವನ್ನು ವಿದ್ಯುತ್ತಿನಿಂದ ನಡೆಸುವ ಪುಟ್ಟ ಮೋಟಾರನ್ನು ರೂಪಿಸಿದರು. 1909ರಲ್ಲಿ ಎಡ್ವರ್ಡ್ ಡೀಡ್ಸ್ ಜೊತೆಗೂಡಿ ಡೆಲ್ಕೊ ಸಂಸ್ಥೆಯನ್ನು ಕಟ್ಟಿದರು. ಕೈಯಿಂದ ಹ್ಯಾಂಡಲ್ ತಿರುಗಿಸಿ ಕಾರನ್ನು ಚಾಲೂ ಮಾಡುವ ಅಪಾಯಕರ ಪದ್ಧತಿಗೆ ಕೊನೆ ಹಾಡಿದ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂದದ್ದು ಈ ಸಂಸ್ಥೆಯಿಂದಲೇ. ಮುಂದೆ ಡೆಲ್ಕೊ ಜನರಲ್ ಮೋಟಾರ್ಸ್‌ನ ಪಾಲಾಯಿತು. 1920ರಿಂದ 1947ರವರೆಗೆ ಅದರ ಸಂಶೋಧನಾ ವಿಭಾಗದ ಚುಕ್ಕಾಣಿ ಕೆಟರಿಂಗ್ ಅವರ ಕೈಯಲ್ಲಿತ್ತು.

ಆಗ ಕಾರಿನ ಬಣ್ಣವೆಂದರೆ ಕುದುರೆ ಸಾರೋಟಿನ ಕಾಲದ ಬಣ್ಣವೇ. ಅಗಸೆ ಎಣ್ಣೆ ಆಧಾರಿತ ಬಣ್ಣ, ವಾರ್ನಿಷ್‌ಗಳನ್ನು ಪದರದ ಮೇಲೆ ಪದರವಾಗಿ ಬಳಿದು, ಪ್ರತಿ ಪದರವೂ ಒಣಗಿದ ಮೇಲೆ ಉಜ್ಜಿ ನಯಗೊಳಿಸಬೇಕಿತ್ತು. ಒಂದು ಕಾರು ಮುಗಿಯಲು ಎರಡು ಮೂರು ವಾರಗಳೇ ಬೇಕು. ದಿನಕ್ಕೆ ಸಾವಿರ ಕಾರು ತಯಾರಾದರೆ, ಒಣಗಲೆಂದೇ ಇಪ್ಪತ್ತು ಸಾವಿರ ಕಾರುಗಳಿಗೆ ಸೂರು ಒದಗಿಸಬೇಕಾದೀತು. ಇಷ್ಟೆಲ್ಲ ಶ್ರಮದ ನಂತರವೂ ಬಾಳಿಕೆ ಕಡಿಮೆ. ಸಾರೋಟು ಕೊಟ್ಟಿಗೆಯಲ್ಲಿ ನಿಲ್ಲುತ್ತಿತ್ತು; ಕಾರು ಬೀದಿಯಲ್ಲಿ ನಿಂತಿತು. ಬಿಸಿಲಿನ ನೇರಳಾತೀತ ಕಿರಣಗಳು ಎಣ್ಣೆಯ ಪದರವನ್ನು ಒಡೆಯುತ್ತಿದ್ದವು. ಹೊಳಪು ಹೋಗಿ, ಮೇಲ್ಮೈ ಬಿರುಕು ಬಿಟ್ಟು ಸಿಪ್ಪೆಯೇಳುತ್ತಿತ್ತು. ಫೋರ್ಡ್ ಕಂಪನಿ ಬಿಸಿ ಒಲೆಯಲ್ಲಿ ಬೇಯಿಸಿದ ಕಪ್ಪು ಎನಾಮಲ್ ನೆಚ್ಚಿಕೊಂಡಿತ್ತು. ಬಾಳಿಕೆ ಬರುತ್ತಿದ್ದ ಆ ಬಗೆಯಲ್ಲಿ ಗ್ರಾಹಕನಿಗೆ ಬೇರೆ ಬಣ್ಣದ ಆಯ್ಕೆ ಇರಲಿಲ್ಲ.

ಬಣ್ಣ ತಯಾರಕರನ್ನು ಕರೆಸಿ ಕೆಟರಿಂಗ್ ಚರ್ಚಿಸಿದಾಗ, ಅವಧಿಯನ್ನು ಕೆಲವು ದಿನ ಇಳಿಸಬಹುದೆಂಬ ಭರವಸೆಯಷ್ಟೇ ದೊರೆಯಿತು. ಒಂದು ಗಂಟೆಯಲ್ಲಿ ಒಣಗುವ ಬಣ್ಣ ಬೇಕೆಂಬ ಅವರ ಬೇಡಿಕೆ ತಜ್ಞರಿಗೆ ಹಾಸ್ಯಾಸ್ಪದವೆನಿಸಿತಂತೆ. ನ್ಯೂಯಾರ್ಕ್‌ನ ಅಂಗಡಿಯೊಂದರಲ್ಲಿ ಕಂಡ ಪುಟ್ಟ ತಟ್ಟೆಯ ಮೆರುಗೆಣ್ಣೆಯ ಜಾಡು ಹಿಡಿದು ಅವರು ಅದರ ತಯಾರಕನನ್ನು ಹುಡುಕಿದರೆಂಬ ಕಥೆ ಪ್ರಸಿದ್ಧವಾಗಿದೆ. ಆ ಮೆರುಗು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಆದರೆ ಅದು ಕ್ಷಣಾರ್ಧದಲ್ಲಿ ಒಣಗುತ್ತಿತ್ತು, ತೆಳುವಾಗಿತ್ತು. ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿಗಳು ನೈಟ್ರೋಸೆಲ್ಯುಲೋಸ್ ದ್ರಾವಣದ ಸ್ನಿಗ್ಧತೆಯನ್ನು ತಗ್ಗಿಸುವ ಉಪಾಯ ಕಂಡುಹಿಡಿದ ಮೇಲೆ, ಹೆಚ್ಚು ವರ್ಣದ್ರವ್ಯ ಹಿಡಿದಿಡುವ, ತುಂತುರಾಗಿ ಸಿಂಪಡಿಸಬಹುದಾದ ಬಣ್ಣ ಸಿದ್ಧವಾಯಿತು. ಅದೇ ಡ್ಯೂಕೋ. 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳು ನೀಲಿ ಡ್ಯೂಕೋ ತೊಟ್ಟು 1923ರಲ್ಲಿ ಮಾರುಕಟ್ಟೆಗೆ ಬಂದವು. ವಾರಗಳ ಕೆಲಸ ಗಂಟೆಗಳಿಗಿಳಿಯಿತು. ಹಳೆಯ ವಾರ್ನಿಷ್‌ಗಿಂತ ಹೆಚ್ಚು ಕಾಲ ಬಿಸಿಲು ತಾಳುವ ಬಣ್ಣಬಣ್ಣದ ಕಾರುಗಳು ಸಾಮಾನ್ಯರ ಕೈಗೆಟುಕಿದವು.

ಡ್ಯೂಕೋ ಕೂಡ ಅಜೇಯವಾಗಿರಲಿಲ್ಲ. ತಿಂಗಳುಗಟ್ಟಲೆ ಬಿಸಿಲುಂಡರೆ ಮೇಲ್ಮೈ ಮಂಕಾಗಿ ಸೀಮೆಸುಣ್ಣದಂಥ ಪುಡಿ ಏಳುತ್ತಿತ್ತು. ಆಗಾಗ್ಗೆ ಪಾಲಿಶ್ ಬೇಕಿತ್ತು. 1950ರ ದಶಕದ ಕೊನೆಯಲ್ಲಿ ಜನರಲ್ ಮೋಟಾರ್ಸ್ ಅಕ್ರಿಲಿಕ್ ಲ್ಯಾಕರ್‌ನತ್ತ ವಾಲಿತು. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ನೇರಳಾತೀತ ಕಿರಣಗಳನ್ನು ಹೀರುವ ಪಾರದರ್ಶಕ ಪದರವಿರುತ್ತದೆ.

ಕೆಟರಿಂಗ್ ಬದುಕಿನ ಇನ್ನೊಂದು ಮುಖವನ್ನು ಮರೆಮಾಚುವಂತಿಲ್ಲ. ಅವರ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲಿ 1921ರಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವ ವಿಧಾನ ಕಂಡುಹಿಡಿದರು. 1924ರಲ್ಲಿ ನ್ಯೂಜೆರ್ಸಿಯ ಬೇವೇ ಸ್ಥಾವರದಲ್ಲಿ ಆ ಸೀಸದ ವಿಷಕ್ಕೆ ಐವರು ಕಾರ್ಮಿಕರು ಬಲಿಯಾದರು. ಆದರೂ ಅದರ ಬಳಕೆ ನಿಲ್ಲಲಿಲ್ಲ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲು ಸಂಪೂರ್ಣ ನಿಂತದ್ದು 2000ದಲ್ಲಿ.

ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ವಿಷಾನಿಲಗಳಿಗೆ ಬದಲಿ ಹುಡುಕುವ ಹೊಣೆಯನ್ನೂ ಕೆಟರಿಂಗ್ ಮಿಜ್ಲಿ ಅವರಿಗೇ ವಹಿಸಿದ್ದರು. ಅದರ ಫಲವೇ 1930ರಲ್ಲಿ ಪ್ರಕಟವಾದ ಫ್ರಿಯಾನ್. ಬಿಸಿಲಲ್ಲಿ ಕಾದ ಕಾರಿನ ಒಳಾಂಗಣವನ್ನು ತಂಪುಗೊಳಿಸಲು ದಶಕಗಳ ಕಾಲ ಬಳಕೆಯಾದ ಅನಿಲವೂ ಇದೇ. ನೆಲದ ಮೇಲೆ ನಿರುಪದ್ರವಿಯಾಗಿದ್ದ ಅದು ಆಕಾಶದೆತ್ತರದಲ್ಲಿ ಓಜೋನ್ ಪದರವನ್ನು ಕರಗಿಸುತ್ತದೆಂದು ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಜಗತ್ತು ಅದನ್ನು ಕೈಬಿಡಲು ನಿರ್ಧರಿಸಿತು. ಕಾರಿನ ಬಣ್ಣವನ್ನು ಕೆಡಿಸುವ, ಕಣ್ಣಿಗೂ ಚರ್ಮಕ್ಕೂ ಹಾನಿ ಮಾಡುವ ಅದೇ ನೇರಳಾತೀತ ಕಿರಣಗಳನ್ನು ಭೂಮಿಗೆ ಬಾರದಂತೆ ತಡೆಯುವ ಪದರ ಅದು. ಕಾರಿಗೆ ಕವಚ ತೊಡಿಸಿದ ಪ್ರಯೋಗಾಲಯವೇ ಭೂಮಿಯ ಕವಚಕ್ಕೆ ರಂಧ್ರ ಕೊರೆಯುವ ವಸ್ತುವನ್ನೂ ಸೃಷ್ಟಿಸಿತ್ತು. ಆದರೆ 1958ರ ನವೆಂಬರಿನಲ್ಲಿ ಡೇಟನ್‌ನಲ್ಲಿ ಕಣ್ಣುಮುಚ್ಚಿದ ಕೆಟರಿಂಗ್ ಅವರಿಗೆ ಈ ಸತ್ಯ ತಿಳಿಯಲೇ ಇಲ್ಲ.

ಅವರು ನೆರವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನ್ಯೂಯಾರ್ಕ್‌ನಲ್ಲಿ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಕಾರಿನ ಬಣ್ಣದ ವಿಷಯದಲ್ಲಿ ಅವರ ಕಾಲದ ಪಾಠವೂ ಬದಲಾಗಿಲ್ಲ. ಎಂಥ ಉತ್ತಮ ಬಣ್ಣವೂ ಬಿಸಿಲನ್ನು ಮುಂದೂಡುತ್ತದೆಯೇ ಹೊರತು ಗೆಲ್ಲುವುದಿಲ್ಲ. ನೆರಳಿನಲ್ಲಿ ನಿಲ್ಲಿಸುವುದು, ಹಕ್ಕಿಯ ಹಿಕ್ಕೆ ಒಣಗುವ ಮುನ್ನ ತೊಳೆಯುವುದು, ಆಗಾಗ್ಗೆ ಮೇಣದ ಲೇಪ ಹಚ್ಚುವುದು, ಮುಂಗಾಜಿಗೆ ಮರೆ ಹಾಕಿ ಡ್ಯಾಶ್‌ಬೋರ್ಡ್ ಕಾಯುವುದು, ಇವು ಇಂದಿಗೂ ಮಾಲೀಕನ ಪಾಲಿನ ಕೆಲಸವೇ.