ಕಿಬ್ಲಾದ ದಿಕ್ಕನ್ನು ಆಕಾಶದಲ್ಲಿ ಅರಸಿದ ಅಲ್ ಬಿರೂನಿ

ನಮ್ಮ ಮನೆಯ ಗೋಡೆಯಲ್ಲಿ ನಮಾಝಿನ ವೇಳಾಪಟ್ಟಿ ತೂಗುತ್ತಿರುತ್ತದೆ. ಮಸೀದಿಗೆ ಹೋದರೆ ಮಿಹ್ರಾಬ್ ದಿಕ್ಕು ತೋರಿಸುತ್ತದೆ. ಈ ಸಮಯವನ್ನೂ ದಿಕ್ಕನ್ನೂ ಲೆಕ್ಕಹಾಕಿ ಗೊತ್ತುಪಡಿಸಲು ಹಿಂದಿನವರು ಪಟ್ಟ ಶ್ರಮ ನಮ್ಮ ನೆನಪಿಗೆ ಬರುವುದೇ ಇಲ್ಲ. ಆ ಶ್ರಮಕ್ಕೆ ಆಯುಷ್ಯವನ್ನೇ ಮುಡಿಪಾಗಿಟ್ಟವರಲ್ಲಿ ಅಬೂ ರೈಹಾನ್ ಅಲ್ ಬಿರೂನಿ ಒಬ್ಬರು.

ಅವರು ಹಿಜರಿ 362ರಲ್ಲಿ, ಅಂದರೆ ಕ್ರಿ.ಶ. 973ರಲ್ಲಿ ಖ್ವಾರಿಝ್ಮ್ ನಾಡಿನ ಕಾಥ್ ಪಟ್ಟಣದ ಹೊರವಲಯದಲ್ಲಿ ಜನಿಸಿದರು. ಆ ಪ್ರದೇಶ ಇಂದು ಉಝ್ಬೆಕಿಸ್ತಾನದಲ್ಲಿದೆ. ಹೇಳಿಕೊಳ್ಳುವಂತಹ ಮನೆತನ ಅವರದಾಗಿರಲಿಲ್ಲ. ಆದರೆ ಅಲ್ಲಿನ ರಾಜವಂಶಕ್ಕೆ ಸೇರಿದ ಗಣಿತಜ್ಞ ಅಬೂ ನಸ್ರ್ ಮನ್ಸೂರ್ ಅವರಿಗೆ ಗುರುವಾಗಿ ದೊರೆತರು. ಹದಿನೇಳರ ಹರೆಯದಲ್ಲೇ ಅವರು ಸೂರ್ಯನ ಎತ್ತರವನ್ನು ಅಳೆದು ತಮ್ಮ ಊರಿನ ಅಕ್ಷಾಂಶವನ್ನು ಕಂಡುಕೊಂಡರು. 997ರ ಚಂದ್ರಗ್ರಹಣವನ್ನು ಅವರು ಕಾಥ್‌ನಿಂದಲೂ ವಿದ್ವಾಂಸ ಅಬುಲ್ ವಫಾ ಬಗ್ದಾದಿನಿಂದಲೂ ನೋಡಿದರು. ಎರಡೂ ಕಡೆಯ ಸಮಯದ ವ್ಯತ್ಯಾಸದಿಂದ ಆ ನಗರಗಳ ನಡುವಿನ ರೇಖಾಂಶದ ಅಂತರ ತಿಳಿಯಿತು.

ಅವರ ಬದುಕು ಮಾತ್ರ ನೆಮ್ಮದಿಯದಾಗಿರಲಿಲ್ಲ. 995ರ ಅಂತಃಕಲಹದಲ್ಲಿ ಅವರು ಊರು ಬಿಟ್ಟು ಓಡಬೇಕಾಯಿತು. ಮುಂದೆ ಮರಳಿ ಬಂದು ನೆಲೆಸಿದರೂ, 1017ರಲ್ಲಿ ಸುಲ್ತಾನ್ ಮಹಮೂದ್ ಖ್ವಾರಿಝ್ಮನ್ನು ಗೆದ್ದು ಅವರನ್ನು ತನ್ನ ರಾಜಧಾನಿ ಘಝ್ನಿಗೆ ಕರೆದೊಯ್ದನು. ಮರುವರ್ಷ ಕಾಬೂಲಿನ ಬಳಿಯ ಹಳ್ಳಿಯೊಂದರಲ್ಲಿ ಅವರ ಕೈಯಲ್ಲಿ ಒಂದು ಉಪಕರಣವೂ ಇರಲಿಲ್ಲ. ಮನಸ್ಸು ನೊಂದಿತ್ತು. ಆದರೂ ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಲೆಕ್ಕ ಬರೆಯುವ ಹಲಗೆಯ ಹಿಂಬದಿಯಲ್ಲಿ ವೃತ್ತದ ಕಾಲುಭಾಗವನ್ನು ಗೀಚಿ, ಅದರಿಂದಲೇ ಸೂರ್ಯನನ್ನು ಅಳೆದು ಆ ಸ್ಥಳದ ಅಕ್ಷಾಂಶವನ್ನು ತಿಳಿದುಕೊಂಡರು. ಘಝ್ನಿಯಿಂದ ಕಿಬ್ಲಾದ ದಿಕ್ಕನ್ನು ನಿಖರವಾಗಿ ಲೆಕ್ಕಹಾಕುವ ಅವರ ಗ್ರಂಥ 1025ರಲ್ಲಿ ಪೂರ್ಣಗೊಂಡಿತು.

ನೆರಳುಗಳ ಬಗ್ಗೆಯೂ ಅವರು ಒಂದು ಗ್ರಂಥ ಬರೆದರು. ಝುಹರ್ ಮತ್ತು ಅಸರ್ ನಮಾಝ್‌ಗಳ ಸಮಯ ತಿಳಿಯುವುದು ನೆರಳಿನಿಂದಲೇ ಅಲ್ಲವೇ? ಅದರಲ್ಲಿ ಅವರು ಒಂದು ಘಟನೆಯನ್ನು ಹೇಳುತ್ತಾರೆ. ನಮಾಝಿನ ಸಮಯ ತಿಳಿಸುವ ಉಪಕರಣವೊಂದರಲ್ಲಿ ರೋಮನರ ತಿಂಗಳುಗಳ ಹೆಸರು ಕೊರೆದಿತ್ತು. ಅನ್ಯರ ಅನುಕರಣೆಯಾದೀತೆಂದು ಮುಅದ್ದಿನ್ ಒಬ್ಬರು ಅದನ್ನು ಮುಟ್ಟಲು ಒಪ್ಪಲಿಲ್ಲ. ರೋಮನರು ಊಟವನ್ನೂ ಮಾಡುತ್ತಾರೆ, ಪೇಟೆಯಲ್ಲಿ ನಡೆದಾಡುತ್ತಲೂ ಇದ್ದಾರೆ, ಹಾಗಾದರೆ ಅವೆರಡನ್ನೂ ಬಿಟ್ಟುಬಿಡಿ ಎಂಬರ್ಥದ ಉತ್ತರವನ್ನು ಬಿರೂನಿ ಕೊಟ್ಟರು.

ಅವರ ಈ ನಿಲುವು ಬರಿಯ ಮಾತಾಗಿರಲಿಲ್ಲ. ಸುಲ್ತಾನನ ಸೈನ್ಯ ಭಾರತದ ಮೇಲೆ ದಂಡೆತ್ತಿ ಬರುತ್ತಿದ್ದ ಕಾಲದಲ್ಲೇ ಅವರು ಇಲ್ಲಿನ ಪಂಡಿತರ ಬಳಿ ಸಂಸ್ಕೃತ ಕಲಿತರು. ಆ ದಾಳಿಗಳು ಈ ನಾಡನ್ನು ಹಾಳುಗೆಡವಿದುದನ್ನೂ ಮುಚ್ಚಿಡದೆ ಬರೆದರು. ಸುಮಾರು 1030ರಲ್ಲಿ ಮುಗಿದ ಭಾರತದ ಕುರಿತಾದ ಗ್ರಂಥದಲ್ಲಿ ಇಲ್ಲಿನ ಜನರ ನಂಬಿಕೆಗಳನ್ನು ಅವರದೇ ಗ್ರಂಥಗಳ ಆಧಾರದಲ್ಲಿ ವಿವರಿಸಿದರು. ಇಲ್ಲಿನ ಲಿಪಿಗಳ ಪಟ್ಟಿಯಲ್ಲಿ ಕರ್ನಾಟ ದೇಶದ ಲಿಪಿಯನ್ನೂ ಹೆಸರಿಸಿದ್ದಾರೆ. ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಕೋಟೆಯ ಬೆಟ್ಟದ ಎತ್ತರವನ್ನು ಅಳೆದು, ಅದರ ಮೇಲಿನಿಂದ ದಿಗಂತ ಎಷ್ಟು ಕೆಳಗೆ ಕಾಣುತ್ತದೆಂದು ನೋಡಿ ಭೂಮಿಯ ಗಾತ್ರವನ್ನು ಲೆಕ್ಕಹಾಕಿದರು.

ಅವರ ಕೊನೆಯ ಗಳಿಗೆಯ ಒಂದು ಪ್ರಸಂಗವನ್ನು ಇತಿಹಾಸಕಾರ ಯಾಕೂತ್ ದಾಖಲಿಸಿದ್ದಾರೆ. ಕಾಣಲು ಬಂದ ಧರ್ಮಶಾಸ್ತ್ರಜ್ಞರೊಬ್ಬರಲ್ಲಿ ಬಿರೂನಿ ಉತ್ತರಾಧಿಕಾರದ ಒಂದು ಜಟಿಲ ಲೆಕ್ಕದ ಬಗ್ಗೆ ಕೇಳಿದರು. ಈ ಸ್ಥಿತಿಯಲ್ಲಿ ಅದೇಕೆ ಎಂದು ಆತ ಮರುಗಿದರು. ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದೇ ಲೇಸೆಂದು ಬಿರೂನಿ ಹೇಳಿದರು. ಅವರಿಗೆ ವಿವರಿಸಿ ಆತ ಬೀದಿಗಿಳಿಯುವಷ್ಟರಲ್ಲಿ ಮನೆಯೊಳಗಿಂದ ಅಳುವಿನ ಸದ್ದು ಕೇಳಿಸಿತು. ಬಿರೂನಿ ತೀರಿಕೊಂಡದ್ದು ಸುಮಾರು 1050ರಲ್ಲಿ.

ಆಕಾಶ ಭೂಮಿಗಳ ಸೃಷ್ಟಿಯ ಬಗ್ಗೆ ಚಿಂತಿಸಲು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ಕೊಡುತ್ತದೆ. ಆ ಕರೆಗೆ ಓಗೊಟ್ಟವರಿಗೆ ಊರು ಕಳೆದುಕೊಂಡ ದುಃಖವಾಗಲಿ, ಉಪಕರಣವಿಲ್ಲದ ಬಡತನವಾಗಲಿ, ಅನ್ಯರಿಂದ ಕಲಿಯುವ ಸಂಕೋಚವಾಗಲಿ ಅಡ್ಡಿಯಾಗಲಿಲ್ಲ. ಇಶಾ ಮುಗಿಸಿ ಮನೆಗೆ ಮರಳುವಾಗ ಒಂದು ಕ್ಷಣ ಮಕ್ಕಳ ಕೈಹಿಡಿದು ನಿಂತು ತಲೆಯೆತ್ತಿ ನೋಡೋಣ. ಅವರು ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗದರಿಸದೆ, ಅವರೊಂದಿಗೆ ನಾವೂ ಕಲಿಯೋಣ.