ಕಣ್ಣಿಲ್ಲದ ಮಕ್ಕಳ ಗುರು ಪಂಚಾಕ್ಷರ ಗವಾಯಿಗಳು

ಈ ಸಲ ಮಹಾನ್ ವ್ಯಕ್ತಿಗಳ ಪರಿಚಯ ಬರೆಯೋ ಪಾಳಿ ನನ್ನದು. ನಾನು ಗಾನಯೋಗಿ ಪಂಚಾಕ್ಷರ ಗವಾಯಿಗಳ ಬಗ್ಗೆ ಬರೆದಿದ್ದೇನೆ.

ಇವರು 1892ರಲ್ಲಿ ಈಗಿನ ಹಾವೇರಿ ಜಿಲ್ಲೆ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಇವರ ಮೊದಲಿನ ಹೆಸರು ಗದಿಗೆಯ್ಯ. ಇವರಿಗೂ ಇವರ ಅಣ್ಣ ಗುರುಬಸಯ್ಯನಿಗೂ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಆಗ ಹಳ್ಳಿಯ ಕುರುಡ ಮಕ್ಕಳಿಗೆ ಓದೋದಕ್ಕೆ ದಾರಿಯೇ ಇರಲಿಲ್ಲ. ಎಷ್ಟೋ ಮಂದಿ ಭಿಕ್ಷೆ ಬೇಡಿ ಬದುಕುತ್ತಿದ್ದರು.

ಆದರೆ ಅಣ್ಣತಮ್ಮಂದಿರ ಧ್ವನಿ ಬಹಳ ಚಲೋ ಇತ್ತು. ಹಾನಗಲ್ಲ ಕುಮಾರಸ್ವಾಮಿಗಳು ಇದನ್ನು ಗುರುತಿಸಿ ಇಬ್ಬರಿಗೂ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಈ ಸ್ವಾಮಿಗಳೇ 1909ರಲ್ಲಿ ಬಾದಾಮಿ ತಾಲೂಕಿನಲ್ಲಿ ಶಿವಯೋಗಮಂದಿರ ಕಟ್ಟಿದವರು. ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು. ಆಮೇಲೆ ಮಿರಜಿನ ನೀಲಕಂಠಬುವಾ ಅವರ ಹತ್ತಿರ ಹಿಂದೂಸ್ತಾನಿ ಕಲಿತರು. ಮಲ್ಲಿಕಾರ್ಜುನ ಮನ್ಸೂರರ ಗುರುಗಳೂ ಇವರೇ. ಎರಡೂ ಸಂಗೀತ ಬಲ್ಲವರಾದ್ದರಿಂದ ಜನ ಪಂಚಾಕ್ಷರ ಗವಾಯಿಗಳನ್ನು ಉಭಯಗಾನ ವಿಶಾರದ ಅಂತ ಕರೆದರು.

ಇಷ್ಟು ಕಲಿತ ಮೇಲೆ ಅವರು ಕಚೇರಿ ಮಾಡಿ ಬೇಕಾದಷ್ಟು ರೊಕ್ಕ ಗಳಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. ಗುರುಗಳ ಇಚ್ಛೆಯಂತೆ ಕುರುಡ, ಅನಾಥ, ಬಡ ಮಕ್ಕಳನ್ನು ಕೂಡಿಸಿಕೊಂಡು ಸಂಗೀತ ಶಾಲೆ ನಡೆಸಿದರು. ಅದು ಒಂದೇ ಊರಲ್ಲಿ ನಿಲ್ಲುವ ಶಾಲೆ ಅಲ್ಲ, ಊರೂರು ತಿರುಗುವ ಶಾಲೆ. ಫೀ ಇಲ್ಲ. ಊಟ, ವಸತಿ, ಪಾಠ ಎಲ್ಲಾ ಕೂಡಿಯೇ.

ಒಬ್ಬರೇ ಗುರುಗಳು ಇಷ್ಟು ಮಕ್ಕಳಿಗೆ ಹೇಗೆ ಕಲಿಸುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಕಣ್ಣಿಲ್ಲದವರು ಪುಸ್ತಕ ನೋಡಿ ಕಲಿಯಲಾರರು, ಅವರಿಗೆ ಕಿವಿಯೇ ಪುಸ್ತಕ. ಸಾಲಾಗಿ ಕೂತಾಗ ಒಬ್ಬನಿಗೆ ತಿದ್ದಿದ ಸ್ವರ ಎಲ್ಲರ ಕಿವಿಗೂ ಬೀಳುತ್ತದೆ. ಮುಂದೆ ಹೋದವರನ್ನು ಕೇಳಿ ಹಿಂದಿನವರು ಕಲಿಯುತ್ತಾರೆ. ಒಬ್ಬನೇ ಹಾಡಲು ಅಂಜುವ ಹುಡುಗ ಹತ್ತು ಮಂದಿಯ ಧ್ವನಿಯೊಳಗೆ ಬಾಯಿ ಬಿಡುತ್ತಾನೆ. ಒಬ್ಬ ಹಾಡಿದರೆ ಇನ್ನೊಬ್ಬ ತಬಲಾ ಬಾರಿಸಬೇಕು, ಮತ್ತೊಬ್ಬ ಹಾರ್ಮೋನಿಯಂ ಹಿಡಿಯಬೇಕು. ಹೀಗಾಗಿ ತಾಳ ತಪ್ಪದಂತೆ ಒಬ್ಬರನ್ನೊಬ್ಬರು ಕಾಯಬೇಕಾಗುತ್ತದೆ.

ಅಷ್ಟು ಮಕ್ಕಳ ಹೊಟ್ಟೆ ತುಂಬಿಸೋದು ಸುಲಭ ಅಲ್ಲ. ಗವಾಯಿಗಳು ಭಕ್ತರ ಹತ್ತಿರ ಬೇಡಿ ತಂದು ಉಣಿಸಿದರು. ಖರ್ಚು ನೀಗಿಸಲು ನಾಟಕ ಕಂಪನಿಯನ್ನೂ ಕಟ್ಟಿದರು. ಕಡೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪ ಅನ್ನೋ ದಾನಿಗಳು ಜಾಗ ಕೊಟ್ಟರು. ತಿರುಗುವ ಶಾಲೆಗೆ ನೆಲೆ ಸಿಕ್ಕಿತು. ಅದೇ ವೀರೇಶ್ವರ ಪುಣ್ಯಾಶ್ರಮ.

ಹಾವೇರಿ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟಯ್ಯ ಅನ್ನೋ ಹುಡುಗನೂ ಇವರ ಹತ್ತಿರ ಬಂದ. ಕೂಸಾಗಿದ್ದಾಗಲೇ ಅವನ ಕಣ್ಣು ಹೋಗಿದ್ದವು. ಅವನೇ ಮುಂದೆ ಪುಟ್ಟರಾಜ ಗವಾಯಿಗಳಾದರು. ಕಣ್ಣಿದ್ದವರಿಗೂ ಗವಾಯಿಗಳು ಪಾಠ ಹೇಳಿದರು. ಪ್ರಸಿದ್ಧ ಗಾಯಕ ಬಸವರಾಜ ರಾಜಗುರು ಅವರೂ ಇವರ ಶಿಷ್ಯರು.

ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಗುರು ಹೋದರೂ ಪಾಠ ನಿಲ್ಲಲಿಲ್ಲ. ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವ ತನಕ, ಅಂದರೆ 66 ವರ್ಷ, ಆಶ್ರಮ ನಡೆಸಿದರು. 1995ರಲ್ಲಿ ಪಂಚಾಕ್ಷರ ಗವಾಯಿಗಳ ಜೀವನದ ಸಿನಿಮಾ ಬಂತು. ಅದರ ಸಂಗೀತಕ್ಕೆ ಹಂಸಲೇಖ ಅವರಿಗೆ, ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಗೆಳೆಯರೇ, ಬೇಡಿ ತಿನ್ನಬೇಕಾಗಿದ್ದ ಮಕ್ಕಳು ಕಲಾವಿದರಾದರು, ತಾವೇ ಗುರುಗಳಾದರು. ಎಲ್ಲರೂ ಕೂಡಿ ಕಲಿತದ್ದರಿಂದ ಇದು ಆಯಿತು. ನಾವೂ ದಿನಾ ಪ್ರಾರ್ಥನೆ ಕೂಡಿಯೇ ಹಾಡುತ್ತೇವೆ. ಯಾರಿಗಾದರೂ ರಾಗ ಸಿಗದಿದ್ದರೆ ನಗಬ್ಯಾಡ್ರಿ. ಚಲೋ ಹಾಡುವವರು ಅವರನ್ನು ಬಾಜೂಕ ನಿಲ್ಲಿಸಿಕೊಂಡು ಹಾಡಿರಿ. ಗವಾಯಿಗಳಿಗೆ ನಾವು ಮಾಡುವ ನಮಸ್ಕಾರ ಅದೇ.

— 7ನೇ ಇಯತ್ತೆ ವಿದ್ಯಾರ್ಥಿ